8 ತಿಂಗಳ ಕೂಸಿನ ಜೊತೆ ಬೆಟ್ಟಕ್ಕೆ: ಯಾವ ಕ್ಯಾಬಿನ್ ಹಿಡಿಯೋಣ?

ಹಳೇಪೇಟೆ_ಅಪ್ಪ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ಗೆ ನಮ್ಮ ಮಗಳಿಗೆ 8 ತಿಂಗಳು ತುಂಬುತ್ತದೆ. ಬಾಣಂತನ ಮುಗಿಸಿಕೊಂಡು ಮನೆಯವಳು ದಾವಣಗೆರೆಗೆ ಬಂದಾಗಿನಿಂದ ನಮಗೆ ಮನೆ ಬಿಟ್ಟರೆ ಮಕ್ಕಳ ಡಾಕ್ಟರ್, ಅಷ್ಟೇ. ಮದುವೆಯಾದ ಹೊಸದರಲ್ಲಿ ತಿಂಗಳಿಗೊಂದು ಬೆಟ್ಟ ಹತ್ತುತ್ತಿದ್ದವರು ನಾವು. ಮೊನ್ನೆ ಅವಳು ಬಟ್ಟೆ ಮಡಚುತ್ತಾ "ಮಂಜು ನೋಡಿ ಎಷ್ಟು ದಿನ ಆಯ್ತು ಅಲ್ವಾ" ಅಂದಳು. ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

2 ರಾತ್ರಿ ಉಳಿಯುವ ಯೋಚನೆ. ಅವ್ವನೂ ಬರುತ್ತಾರೆ, ಅವರಿಗೆ ಮಂಡಿನೋವು. ದೊಡ್ಡ ಚಾರಣ ಏನೂ ಬೇಡ. ಬಾಗಿಲು ತೆಗೆದರೆ ಕಾಲುದಾರಿ ಇರಬೇಕು, ಮಗು ಅತ್ತರೆ ಹಿಂದಕ್ಕೆ ತಿರುಗಿ ಬರುವಂತಿರಬೇಕು.

ಮೂರು ಜಾಗ ನೋಡಿಟ್ಟಿದ್ದೇನೆ. ಒಂದು, ಮುಳ್ಳಯ್ಯನಗಿರಿ ಮಗ್ಗುಲಿನ ಮರದ ಕ್ಯಾಬಿನ್. ಗುಡಾರದ ಆಕಾರ, ಮುಂದೆ ಪೂರ್ತಿ ಗಾಜು, ಫೋಟೋದಲ್ಲಿ ಕಣ್ಣು ಕೀಳಲಾಗದು. ಕೊನೆಯ ಎರಡೂವರೆ ಕಿಲೋಮೀಟರ್ ಅವರದೇ ಜೀಪು. ಎರಡು, ಕೆಮ್ಮಣ್ಣುಗುಂಡಿಯ ತೋಟಗಾರಿಕೆ ಇಲಾಖೆ ಗೆಸ್ಟ್ ಹೌಸ್. ಮೂರು, ಲಿಂಗದಹಳ್ಳಿ ಕಡೆ ಬೆಟ್ಟದ ಬುಡದಲ್ಲಿ ಕಾಫಿ ತೋಟದೊಳಗಿನ ಎರಡು ಕೋಣೆಯ ಹೆಂಚಿನ ಮನೆ. ಮಾಲೀಕರು ಪಕ್ಕದಲ್ಲೇ ಇದ್ದಾರೆ. ಮನೆಯವಳಿಗೆ ಮೊದಲನೆಯದು, ಅವ್ವನಿಗೆ ಯಾವುದೂ ಬೇಡ, ನನಗೆ ಗೊತ್ತಾಗುತ್ತಿಲ್ಲ.

ಎಂಸಿಸಿ_ಬಿ_ಬ್ಲಾಕ್
ಮೂರನೆಯದು. ಕಣ್ಣು ಮುಚ್ಚಿಕೊಂಡು.

ಕೋಟೆಕಲ್ಲು
ಅಷ್ಟು ದೂರ ಯಾಕೆ ಅಣ್ಣಾ? ನಮ್ಮ ಜೋಗಿಮಟ್ಟಿ ಇದೆಯಲ್ಲ. ದುರ್ಗದಿಂದ ಹತ್ತಿರ, ಮೇಲಿನ ತನಕ ರಸ್ತೆ ಇದೆ, ತುದಿಯಲ್ಲಿ ಅರಣ್ಯ ಇಲಾಖೆ ಬಂಗಲೆ ಇದೆ. ಬೆಳಗ್ಗೆ ಮೋಡ ಕಾಲ ಕೆಳಗೇ ಇರುತ್ತದೆ. ಎಲ್ಲರೂ ಚಿಕ್ಕಮಗಳೂರು ಚಿಕ್ಕಮಗಳೂರು ಅಂತಾರೆ, ಮನೆ ಪಕ್ಕದ್ದು ಯಾರ ಕಣ್ಣಿಗೂ ಬೀಳಲ್ಲ.

ಚಂದ್ರವಳ್ಳಿ_ವಾಕರ್
ಕೋಟೆಕಲ್ಲು, ನಾನೂ ದುರ್ಗದವನೇ, ಜೋಗಿಮಟ್ಟಿ ಅಂದರೆ ನನಗೂ ಪ್ರಾಣ. ಆದರೆ 8 ತಿಂಗಳ ಮಗುವನ್ನು ಅಲ್ಲಿ ರಾತ್ರಿ ಉಳಿಸಬೇಡಿ. ಅದು ವನ್ಯಧಾಮ, ಉಳಿಯೋದಕ್ಕೆ ಇಲಾಖೆಯ ಅನುಮತಿ ಬೇಕು. ಅದಕ್ಕಿಂತ ಮುಖ್ಯ, ಗಾಳಿ. ಸುತ್ತ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲವಲ್ಲ. ದೊಡ್ಡವರಿಗೇ ಕಿವಿ ನೋಯುತ್ತದೆ. ಹಗಲು ಹೋಗಿ ಬನ್ನಿ, ಬುಡದಲ್ಲಿ ಆಡುಮಲ್ಲೇಶ್ವರ ಕಿರು ಮೃಗಾಲಯ ಇದೆ, ಜಿಂಕೆ ತೋರಿಸಿ ವಾಪಸ್ ಬನ್ನಿ.

ಕೋಟೆಕಲ್ಲು
ಗಾಳಿ ವಿಷಯ ಒಪ್ಪಿದೆ.

ನಿಟ್ಟುವಳ್ಳಿ_ಅವಳಿ
ನನಗೆ ಅವಳಿ ಮಕ್ಕಳು, ಈಗ 3 ವರ್ಷ. ಇಬ್ಬರೂ 9 ತಿಂಗಳಿದ್ದಾಗ ಸಕಲೇಶಪುರ ಕಡೆ ಇಂಥದ್ದೇ ಗಾಜಿನ ಕ್ಯಾಬಿನ್‌ಗೆ ಹೋಗಿದ್ದೆವು. ಹೆಸರು ಬೇಡ, ಜನ ಒಳ್ಳೆಯವರೇ. ಫೋಟೋದಲ್ಲಿ ಕಾಣದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಗುಡಾರದ ಆಕಾರದ ಕ್ಯಾಬಿನ್‌ನಲ್ಲಿ ಮಂಚ ಎಷ್ಟೋ ಸಲ ಅಟ್ಟದ ಮೇಲಿರುತ್ತದೆ. ಹತ್ತೋದಕ್ಕೆ ಏಣಿ. ರಾತ್ರಿ 2 ಗಂಟೆಗೆ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೊಬೈಲ್ ಟಾರ್ಚ್, ಕಾಲಲ್ಲಿ ಸಾಕ್ಸು. ಎರಡನೇ ಸಲ ಇಳಿಯುವಾಗ ನನ್ನ ಕಾಲು ಜಾರಿತು, ಯಜಮಾನರು ಕೆಳಗೆ ನಿಂತಿದ್ದಕ್ಕೆ ಬಚಾವಾದೆವು. ಆಮೇಲೆ ಹಾಸಿಗೆ ಕೆಳಗೆ ಎಳೆದು ನೆಲದ ಮೇಲೆ ಮಲಗಿದೆವು. ಮರದ ನೆಲದ ಸಂದಿನಲ್ಲಿ ಗಾಳಿ ನುಗ್ಗುತ್ತಿತ್ತು. ಇದ್ದ ಎರಡು ಕೌದಿಯನ್ನೂ ಕೆಳಗೇ ಹಾಸಿದೆವು.

ಇನ್ನೊಂದು, ಮುಂದಿನ ಕಟ್ಟೆಯ ಕಂಬಿ. ಮರದ ಜಗಲಿ ಆಚೆಗೆ ಚಾಚಿರುತ್ತದೆ, ಕೆಳಗೆ ಪ್ರಪಾತ. ಕಂಬಿಗಳ ನಡುವೆ 4 ಇಂಚಿಗಿಂತ ಜಾಸ್ತಿ ಜಾಗ ಇರಬಾರದು, ಇದ್ದರೆ ತೆವಳುವ ಮಗುವಿನ ಮೈ ತೂರುತ್ತದೆ. ಅಲ್ಲಿ ಒಂದು ಗೇಣು ಇತ್ತು. ಕೆಲವು ಕಡೆ ಕಂಬಿಯೇ ಇರುವುದಿಲ್ಲ, ಎರಡು ಹಗ್ಗ ಅಡ್ಡ ಕಟ್ಟಿರುತ್ತಾರೆ. ಮೂರು ದಿನವೂ ಆ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟುಕೊಂಡು ಒಳಗೇ ಇದ್ದೆವು. ಯಾವ ಜಗಲಿ ನೋಡಿ ದುಡ್ಡು ಕೊಟ್ಟೆವೋ ಅದೇ ಜಗಲಿಗೆ ಕಾಲಿಡಲಿಲ್ಲ.

ಅದಕ್ಕೆ ಹೇಳೋದು, ನೋಟ ನೋಡಿ ಕ್ಯಾಬಿನ್ ಹಿಡಿಯಬೇಡಿ. ರಾತ್ರಿ 2 ಗಂಟೆಗೆ ಆ ಮನೆ ಹೇಗಿರುತ್ತದೆ ಅಂತ ಯೋಚಿಸಿ ಹಿಡಿಯಿರಿ.

ಹಳೇಪೇಟೆ_ಅಪ್ಪ
ಅಕ್ಕಾ, ಇದನ್ನು ಮನೆಯವಳಿಗೆ ಓದಿ ಹೇಳಿದೆ. ಸುಮ್ಮನಾದಳು. ಫೋಟೋ ಮತ್ತೆ ತೆಗೆದು ನೋಡಿದರೆ ಹಿಂದುಗಡೆ ಏಣಿ ಕಾಣುತ್ತಿದೆ. ಇಷ್ಟು ದಿನ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಗಿರ್ಮಿಟ್
8 ತಿಂಗಳ ಮಗುವಿಗೆ ಅಷ್ಟು ಎತ್ತರದಲ್ಲಿ ಉಸಿರು ಕಟ್ಟಲ್ವಾ? ಆಮ್ಲಜನಕ ಕಡಿಮೆ ಅಂತಾರಲ್ಲ. ಹಿಮಾಲಯಕ್ಕೆ ಹೋದವರು ಹೇಳೋದು ಕೇಳಿದ್ದೇನೆ.

ಮಕ್ಕಳವಾರ್ಡ್_ಸಿಸ್ಟರ್
ಗಿರ್ಮಿಟ್ ಅವರೇ, ಹಿಮಾಲಯದ ಮಾತು ಬೇರೆ. ಎತ್ತರದ ತೊಂದರೆ ಸಾಮಾನ್ಯವಾಗಿ ಶುರುವಾಗೋದು 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕೆಮ್ಮಣ್ಣುಗುಂಡಿ 1,434. ಆರೋಗ್ಯವಾಗಿರುವ ಮಗುವಿಗೆ ಅದರ ಚಿಂತೆ ಬೇಡ. ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇದ್ದರೆ, ದಿನ ತುಂಬದೆ ಹುಟ್ಟಿದ್ದರೆ, ನಿಮ್ಮ ಡಾಕ್ಟರನ್ನು ಕೇಳಿಯೇ ಹೊರಡಿ.

ನಿಜವಾದ ಎರಡು ಸಂಗತಿ ಚಳಿ ಮತ್ತು ಕಿವಿ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸುಮಾರು 6 ಡಿಗ್ರಿ ಕಡಿಮೆಯಾಗುತ್ತದೆ. ದಾವಣಗೆರೆ ಇರೋದು 600 ಮೀಟರ್ ಆಸುಪಾಸು. ಅಂದರೆ ಕೆಮ್ಮಣ್ಣುಗುಂಡಿಯಲ್ಲಿ ನಮ್ಮೂರಿಗಿಂತ 5 ಡಿಗ್ರಿ ಕಡಿಮೆ ಅಂತ ಇಟ್ಟುಕೊಳ್ಳಿ, ಗಾಳಿ ಇದ್ದರೆ ಇನ್ನೂ ಜಾಸ್ತಿ ಚಳಿ ಅನ್ನಿಸುತ್ತದೆ. ಹಾಗಂತ ಮಗುವನ್ನು ಉಸಿರಾಡದ ಹಾಗೆ ಸುತ್ತಬೇಡಿ. ನೀವು ಹಾಕಿಕೊಂಡಷ್ಟು ಬಟ್ಟೆ, ಮೇಲೊಂದು ಪದರ, ಹೊರಗೆ ಹೋದರೆ ಕುಲಾವಿ. ಅಂಗೈ ಅಂಗಾಲು ತಣ್ಣಗಿದ್ದರೆ ಗಾಬರಿ ಬೇಡ, ಕತ್ತಿನ ಹಿಂದೆ ಕೈ ಇಟ್ಟು ನೋಡಿ. ಅಲ್ಲಿ ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಒಂದು ಪದರ ತೆಗೆಯಿರಿ.

ಘಾಟಿಯಲ್ಲಿ ಏರುವಾಗ ಇಳಿಯುವಾಗ ನಮಗೆ ಕಿವಿ ಗವ್ ಅಂತದಲ್ಲ, ಮಗುವಿಗೂ ಹಾಗೇ. ನಾವು ಎಂಜಲು ನುಂಗುತ್ತೇವೆ, ಅದಕ್ಕೆ ಗೊತ್ತಾಗಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಹಾಲು ಕುಡಿಸಿ, ನುಂಗುತ್ತಾ ನುಂಗುತ್ತಾ ಕಿವಿ ಬಿಡುತ್ತದೆ. ದಯವಿಟ್ಟು ಗಾಡಿ ಓಡುವಾಗ ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಂಡು ಹೋಗಬೇಡಿ. ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟು. ಇದನ್ನು ವಾರ್ಡಿನಲ್ಲಿ ನಾನು ದಿನಾ ಹೇಳುತ್ತೇನೆ, ಅರ್ಧ ಜನ ಕೇಳಲ್ಲ.

ಹೊಳಲ್ಕೆರೆ_ಅಜ್ಜಿ
ಕೂಸನ್ನು ಚಳಿಗಾಲದಾಗೆ ಬೆಟ್ಟಕ್ಕೆ ಯಾಕೆ ತಮ್ಮಾ? ಒಂದು ವರ್ಷ ತುಂಬಲಿ, ಜವಳ ತೆಗೆಸಿರಿ, ಆಮೇಲೆ ಎಲ್ಲಿಗಾದರೂ ಹೋಗಿರಿ. ಬೆಟ್ಟ ಎಲ್ಲಿಗೂ ಓಡಿ ಹೋಗಲ್ಲ.

ನಿಟ್ಟುವಳ್ಳಿ_ಅವಳಿ
ಅಜ್ಜೀ, ಬೆಟ್ಟ ಓಡಿ ಹೋಗಲ್ಲ ನಿಜ. ಆದರೆ 8 ತಿಂಗಳು ನಾಲ್ಕು ಗೋಡೆ ನೋಡಿದ ತಾಯಿಯ ಮನಸ್ಸು? ನನಗೆ ಆಗ ಆ ಮೂರು ದಿನ ಬೇಕಾಗಿತ್ತು. ಕ್ಯಾಬಿನ್ ಸರಿ ಇರಲಿಲ್ಲ, ಆದರೂ ಹೋಗಿದ್ದಕ್ಕೆ ಬೇಜಾರಿಲ್ಲ.

ಹೊಳಲ್ಕೆರೆ_ಅಜ್ಜಿ
ಅದೂ ಹೌದು ನೋಡವ್ವ. ನಾವು ಹೊಲಕ್ಕೆ ಹೋದರೆ ಬೇವಿನ ಮರಕ್ಕೆ ಸೀರೆ ಜೋಲಿ ಕಟ್ಟಿ ಮಲಗಿಸುತ್ತಿದ್ದೆವು. ನಮಗೆ ಹೊಲವಾದರೂ ಇತ್ತು. ನೀವು ಮನೆಯೊಳಗೇ ಇರ್ತೀರಿ. ಹೋಗಿ ಬರಲಿ ಹಂಗಾದರೆ. ಜೋಲಿ ಕಟ್ಟೋಕೆ ತೊಲೆ ಇರೋ ಮನೆ ನೋಡಪ್ಪ. ಹೊಸ ಜಾಗದಾಗೆ ಕೂಸಿಗೆ ನಿದ್ದೆ ಬರಲ್ಲ, ಜೋಲಿ ಇದ್ದರೆ ಬರುತ್ತದೆ.

ಮಕ್ಕಳವಾರ್ಡ್_ಸಿಸ್ಟರ್
ಅಜ್ಜಿ, ಜೋಲಿ ಹಗಲು ಪಕ್ಕದಲ್ಲಿ ಒಬ್ಬರು ಕೂತಿರುವಾಗ ಇರಲಿ. ಎದ್ದು ಕೂರುವ ಮಗುವನ್ನು ರಾತ್ರಿ ಪೂರ್ತಿ ಜೋಲಿಯಲ್ಲಿ ಬಿಡಬೇಡಿ. ನೆಲಕ್ಕೆ ಹತ್ತಿರ ಕಟ್ಟಿ, ಕೆಳಗೆ ಹಾಸಿಗೆ ಹಾಕಿ. ರಾತ್ರಿ ಗಟ್ಟಿ ಹಾಸಿಗೆಯ ಮೇಲೆ ಅಂಗಾತ, ಮುಖದ ಹತ್ತಿರ ರಗ್ಗು ದಿಂಬು ಏನೂ ಬೇಡ.

ಎಸ್ಟೇಟ್_ರೈಟರ್
ನಾನು ಹಿರಿಯೂರಿನವನು, ಚಿಕ್ಕಮಗಳೂರು ಕಡೆ ಒಂದು ತೋಟದಲ್ಲಿ ರೈಟರ್ (ಲೆಕ್ಕಪತ್ರ ನೋಡುವವನು) ಆಗಿ 11 ವರ್ಷ ಆಯಿತು. ಒಳಗಿನಿಂದ ನೋಡುವವನಾಗಿ ಹೇಳುತ್ತೇನೆ.

ಡಿಸೆಂಬರ್ ಅಂದರೆ ಅರೇಬಿಕಾ ಕಾಫಿಯ ಕುಯ್ಲು. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡುತ್ತದೆ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಮನೆ ಹತ್ತಿರ ಇದ್ದರೆ ಸಂಜೆ ಸದ್ದು, ಸಿಪ್ಪೆಯ ಹುಳಿ ವಾಸನೆ, ನೊಣ. ಮನೆ ಪಲ್ಪರ್‌ನಿಂದ ಎಷ್ಟು ದೂರ ಅಂತ ಕೇಳಿ, ಇದನ್ನು ಯಾರೂ ಕೇಳಲ್ಲ. ಒಳ್ಳೆಯ ಸಂಗತಿ ಏನಂದರೆ ತೋಟದ ದಾರಿಯಷ್ಟು ಮಗುವಿಗೆ ಅನುಕೂಲದ ದಾರಿ ಇನ್ನೊಂದಿಲ್ಲ. ಜೀಪು ಹೋಗುವಷ್ಟು ಅಗಲ, ಮೇಲೆ ಸಿಲ್ವರ್ ಓಕ್ ನೆರಳು, ಏರು ನಿಧಾನ. ಅವ್ವನ ಮಂಡಿಗೂ ಆಗಬಹುದು. ಅದೇ ಗಿರಿಯ ಹುಲ್ಲುಗಾವಲಿನ ಕಾಲುದಾರಿ ಚಂದ ಕಾಣುತ್ತದೆ, ಬಿಸಿಲಿಗೂ ಗಾಳಿಗೂ ಒಂದು ಮರ ಇರಲ್ಲ.

ಆಮೇಲೆ ಆನೆ. ನಿಮ್ಮ ಮೂರನೇ ಜಾಗ ಭದ್ರಾ ಕಾಡಿಗೆ ಎಷ್ಟು ಹತ್ತಿರವೋ ನನಗೆ ಗೊತ್ತಿಲ್ಲ, ಮಾಲೀಕರನ್ನು ನೇರ ಕೇಳಿ, "ಈ ವಾರ ಆನೆ ಓಡಾಟ ಇದೆಯಾ?" ಅಂತ. ತೋಟದವರು ಸುಳ್ಳು ಹೇಳಲ್ಲ, ಅವರಿಗೂ ಅದೇ ಭಯ. ಬೆಳಗ್ಗೆ ಮಂಜು ಕರಗದೆ, ಸಂಜೆ 5 ಆದಮೇಲೆ, ಮಗು ಎತ್ತಿಕೊಂಡು ತೋಟದೊಳಗೆ ಹೋಗಬೇಡಿ.

ಕೊನೆಯ ಎರಡೂವರೆ ಕಿಲೋಮೀಟರ್ ಜೀಪು ಅಂದಿರಲ್ಲ ಸರ್, ಆ ಜಾಗ ಬಿಟ್ಟುಬಿಡಿ. ಕುಲುಕಾಟ ಒಂದೇ ಅಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಡ್ರೈವರ್ ಮನೆಗೆ ಹೋಗಿರುತ್ತಾನೆ, ನಿಮ್ಮ ಕಾರು ಕೆಳಗಿರುತ್ತದೆ. 108ಕ್ಕೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇರಬೇಕು, ಆಂಬುಲೆನ್ಸ್ ಆ ದಾರಿ ಹತ್ತಬೇಕು. ನಿಮ್ಮ ಕಾರು ನಿಮ್ಮ ಬಾಗಿಲ ಮುಂದೆ ನಿಲ್ಲಬೇಕು. ಮಗು ಇರುವಾಗ ನಾನು ನೋಡೋದು ಮೊದಲು ಇದನ್ನೇ.

ಎಂಸಿಸಿ_ಬಿ_ಬ್ಲಾಕ್
ರೈಟರ್ ಸರ್, ಕಾರಿನ ಮಾತು ಸರಿ. ಸಿಗ್ನಲ್ ಬಗ್ಗೆ ಸೇರಿಸುತ್ತೇನೆ, ಮನೆಯೊಳಗೆ ಯಾವ ಸಿಮ್ ಹಿಡಿಯುತ್ತದೆ ಅಂತ ಮಾಲೀಕರನ್ನೇ ಕೇಳಿ. "ಸ್ವಲ್ಪ ಮೇಲೆ ಹೋದರೆ ಸಿಗುತ್ತದೆ" ಅಂದರೆ ಸಿಗಲ್ಲ ಅಂತಲೇ ಅರ್ಥ.

ತುಪ್ಪದಕೊಳ
ಇಲ್ಲಿ ಯಾರೂ ಎತ್ತದ ಒಂದು ವಿಷಯ ಇದೆ, ಗ್ಯಾಸ್ ಗೀಸರ್.

ಹೋದ ವರ್ಷ ಜನವರಿಯಲ್ಲಿ ನಾವು ಮಲೆನಾಡಿನ ಒಂದು ಹೋಮ್‌ಸ್ಟೇಯಲ್ಲಿದ್ದೆವು. ಮಗನಿಗೆ 10 ತಿಂಗಳು. ಬಚ್ಚಲು ಸಣ್ಣದು, ಗೋಡೆಗೆ ಗ್ಯಾಸ್ ಗೀಸರ್, ಮೇಲಿನ ಗವಾಕ್ಷಿಗೆ ಚಳಿ ಅಂತ ರಟ್ಟು ಬಡಿದಿದ್ದರು. ಮನೆಯವಳು ಮಗುವಿಗೆ ಎರೆಯೋಣ ಅಂತ ಬಾಗಿಲು ಹಾಕಿಕೊಂಡು ನೀರು ಬಿಟ್ಟುಕೊಂಡಳು. ಐದಾರು ನಿಮಿಷಕ್ಕೆ "ತಲೆ ಸುತ್ತುತ್ತಿದೆ ರೀ" ಅಂತ ಕೂಗಿದಳು. ಬಾಗಿಲು ತೆಗೆದಾಗ ಗೋಡೆ ಹಿಡಿದು ಕೂತಿದ್ದಳು, ಮಗು ತೊಡೆ ಮೇಲೆ. ಹೊರಗೆ ಎಳೆದುಕೊಂಡು ಬಂದೆ. ಇಬ್ಬರೂ ಚೇತರಿಸಿಕೊಂಡರು. ಆಮೇಲೆ ಡಾಕ್ಟರ್ ಹೇಳಿದ್ದು, ಮುಚ್ಚಿದ ಜಾಗದಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಕೂಗುವ ಶಕ್ತಿಯೂ ಇರುತ್ತಿರಲಿಲ್ಲ ಅಂದರು. ಆ ರಟ್ಟು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಬಿಸ್ಕತ್ತಿನ ಡಬ್ಬದ ರಟ್ಟು, ನಾಲ್ಕು ಮೊಳೆ.

ಕ್ಯಾಬಿನ್ ಬುಕ್ ಮಾಡುವ ಮುಂಚೆ ಬಚ್ಚಲಿನ ಫೋಟೋ ತರಿಸಿಕೊಳ್ಳಿ. ಗಾಜಿನ ಗೋಡೆ ಫೋಟೋ ಬೇಡ, ಬಚ್ಚಲಿನದು.

ಮಕ್ಕಳವಾರ್ಡ್_ಸಿಸ್ಟರ್
ಇದನ್ನು ಎಲ್ಲರೂ ಎರಡು ಸಲ ಓದಿ. ಕೋಣೆಯೊಳಗೆ ಇಡುವ ಇದ್ದಿಲ ಸಿಗಡಿಯೂ ಅಷ್ಟೇ. ಬೆಚ್ಚಗಿರಲಿ ಅಂತ ಬಾಗಿಲು ಹಾಕಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದ ಸುದ್ದಿ ಪ್ರತಿ ಚಳಿಗಾಲವೂ ಬರುತ್ತದೆ. ಮರದ ಕ್ಯಾಬಿನ್‌ಗಳಲ್ಲಿ "ಬೇಕಾದರೆ ಕೆಂಡ ಕೊಡ್ತೀವಿ" ಅಂತಾರೆ. ಬೇಡ ಅನ್ನಿ.

ಗಿರ್ಮಿಟ್
ಹಂಡೆ ಒಲೆ?

ಎಸ್ಟೇಟ್_ರೈಟರ್
ಹಂಡೆ ಒಲೆಯ ಬಾಯಿ ಮನೆಯ ಹೊರಗಿದ್ದು ಹೊಗೆ ಹೊರಗೇ ಹೋಗುವಂತಿದ್ದರೆ ತೊಂದರೆ ಇಲ್ಲ. ಹಳೇ ತೋಟದ ಮನೆಗಳಲ್ಲಿ ಹಾಗೇ ಕಟ್ಟಿರುತ್ತಾರೆ. ಸೋಲಾರ್ ಮಾತ್ರ ನಂಬಬೇಡಿ, ಎರಡು ದಿನ ಮಂಜು ಹಿಡಿದರೆ ನೀರು ತಣ್ಣಗೆ.

ಕೋಟೆಕಲ್ಲು
ಕೆಮ್ಮಣ್ಣುಗುಂಡಿ ಬಗ್ಗೆ ಯಾರೂ ಮಾತಾಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ಇರುತ್ತಿದ್ದ ಜಾಗ ಅದು. ತೋಟದೊಳಗೆ ಚಪ್ಪಟೆ ದಾರಿ, ಹೂವಿನ ಮಡಿ, ಬೆಂಚು. ಮಗುವಿನ ಜೊತೆ ನಡೆಯೋದಕ್ಕೆ ಇನ್ನೇನು ಬೇಕು?

ಚಂದ್ರವಳ್ಳಿ_ವಾಕರ್
ನಡೆಯೋದಕ್ಕೆ ಚೆನ್ನಾಗಿದೆ, ಉಳಿಯೋದಕ್ಕೆ ಕೋಣೆ ನೋಡಿ ನಿರ್ಧಾರ ಮಾಡಿ. ನಾವು ಹೋದಾಗ ರಾತ್ರಿ ಕರೆಂಟು ಹೋಗಿತ್ತು. ದೊಡ್ಡವರಿಗೆ ಪರವಾಗಿಲ್ಲ, ಮಗುವಿಗೆ ರಾಗಿ ಸರಿ ಕಾಯಿಸೋದು ಹೇಗೆ? ಝಡ್ ಪಾಯಿಂಟ್ ಕಡೆ ಮಗು ಎತ್ತಿಕೊಂಡು ಹೋಗಲೇಬೇಡಿ. ಶುರುವಿನಲ್ಲಿ ಸಲೀಸು, ಮುಂದೆ ದಾರಿ ಕಿರಿದು, ಕಡಿದು, ಒಂದು ಮಗ್ಗುಲು ಕಣಿವೆ. ಹೆಬ್ಬೆ ಜಲಪಾತದ ಜೀಪಿನ ದಾರಿಯೂ ಬೇಡ. ನೀರು ನೋಡಬೇಕಂದರೆ ಕಲ್ಹತ್ತಿಗಿರಿ ಇದೆ, ವೀರಭದ್ರ ಗುಡಿಯ ಹತ್ತಿರದ ತನಕ ಗಾಡಿ ಹೋಗುತ್ತದೆ. ಕಲ್ಲು ಜಾರುತ್ತದೆ, ಮಗುವಿನ ಜೊತೆ ಒಬ್ಬರು ಮೇಲೇ ಇರಿ.

ಎಂಸಿಸಿ_ಬಿ_ಬ್ಲಾಕ್
ಕೆಮ್ಮಣ್ಣುಗುಂಡಿ ಅಂದರೆ ಕೆಂಪು ಮಣ್ಣಿನ ಗುಂಡಿ. ನಮ್ಮ ತಾತ ಭದ್ರಾವತಿ ಕಾರ್ಖಾನೆಯಲ್ಲಿದ್ದರು. ಅಲ್ಲಿಂದಲೇ ಕಬ್ಬಿಣದ ಅದಿರು ರೋಪ್‌ವೇ ತೊಟ್ಟಿಲಲ್ಲಿ ಇಳಿದು ಬರುತ್ತಿತ್ತಂತೆ. ಆ ತೊಟ್ಟಿಲು ಸಾಲಾಗಿ ಬರೋದನ್ನು ತಾತ ಕೈಯಲ್ಲಿ ಮಾಡಿ ತೋರಿಸೋರು.

ಗಿರ್ಮಿಟ್
ಭದ್ರಾವತಿಯಲ್ಲಿ ನಮ್ಮ ಚಿಕ್ಕಪ್ಪನೂ ಇದ್ದರು! ಯಾವ ಕ್ವಾರ್ಟರ್ಸ್?

ಎಂಸಿಸಿ_ಬಿ_ಬ್ಲಾಕ್
ನ್ಯೂಟೌನ್. ಅದನ್ನು ಬೇರೆ ಮಾತಾಡೋಣ, ಇಲ್ಲಿ ಅಣ್ಣನಿಗೆ ಮನೆ ಹುಡುಕೋಣ.

ಹಳೇಪೇಟೆ_ಅಪ್ಪ
ಮಾತಾಡಿ ಸರ್, ಓದೋಕೆ ಖುಷಿಯಾಗುತ್ತದೆ. ಮೂರನೇ ಮನೆಗೆ ಫೋನ್ ಮಾಡಿದ್ದೆ. ಮಾಲೀಕರ ಮನೆಯವರು ಮಾತಾಡಿದರು. ಬಚ್ಚಲಲ್ಲಿ ಹಂಡೆ, ಒಲೆಯ ಬಾಯಿ ಹೊರಗೆ. ಪಲ್ಪರ್ ಆಚೆ ಗುಡ್ಡದ ಹಿಂದೆ. ಕಾರು ಅಂಗಳದ ತನಕ ಬರುತ್ತದೆ. ಆನೆ ಈ ಕಡೆ ಬಂದು ಎರಡು ವರ್ಷ ಆಯಿತಂತೆ. "ಕೂಸಿಗೆ ನಮ್ಮ ಪೆಟ್ಟಿಗೆಯ ಜೇನು ನೆಕ್ಕಿಸ್ತೀವಿ ಬನ್ನಿ" ಅಂದರು. ಬಹಳ ಆಪ್ತವಾಗಿ ಮಾತಾಡಿದರು.

ಎರಡು ಪ್ರಶ್ನೆ. ಇಂಬಳ ಇರುತ್ತದಾ? ಮಗುವನ್ನು ಎತ್ತಿಕೊಳ್ಳೋದಕ್ಕೆ ಬೆನ್ನಿಗೆ ಹಾಕುವ ಚೀಲ ಒಳ್ಳೆಯದಾ, ಎದೆಗೆ ಕಟ್ಟುವುದಾ?

ಮಕ್ಕಳವಾರ್ಡ್_ಸಿಸ್ಟರ್
ಜೇನು ಬೇಡ! ಒಂದು ವರ್ಷ ತುಂಬುವ ತನಕ ಒಂದು ಹನಿಯೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ದೊಡ್ಡವರಿಗೆ ಏನೂ ಮಾಡಲ್ಲ, ಸಣ್ಣ ಮಗುವಿನ ಕರುಳಲ್ಲಿ ವಿಷ ಮಾಡುತ್ತದೆ, ಮೈ ಜೋಲು ಬೀಳುತ್ತದೆ. ಕಾಯಿಸಿದರೂ ಹೋಗಲ್ಲ. ಮೊದಲೇ ಹೇಳಿಬಿಡಿ, ಪ್ರೀತಿಯಿಂದ ನೆಕ್ಕಿಸಿಬಿಡುತ್ತಾರೆ.

ಹೊಳಲ್ಕೆರೆ_ಅಜ್ಜಿ
ನಾವೆಲ್ಲ ಬಜೆ ತೇಯ್ದು ಜೇನಿನಾಗೆ ನೆಕ್ಕಿಸಿಯೇ ಮಕ್ಕಳನ್ನು ಸಾಕಿದ್ದು ತಾಯಿ. ಯಾರಿಗೂ ಏನೂ ಆಗಲಿಲ್ಲ.

ಮಕ್ಕಳವಾರ್ಡ್_ಸಿಸ್ಟರ್
ನೂರು ಮಕ್ಕಳಿಗೆ ಏನೂ ಆಗದಿರಬಹುದು ಅಜ್ಜಿ. ಆಗುವ ಒಂದು ಮಗು ಯಾರದು ಅಂತ ಮೊದಲೇ ಗೊತ್ತಾಗಲ್ಲ. ಅದೂ ಆಸ್ಪತ್ರೆಯಿಂದ ದೂರ ಇರುವ ಜಾಗದಲ್ಲಿ.

ಹೊಳಲ್ಕೆರೆ_ಅಜ್ಜಿ
ಸರಿ ಬಿಡವ್ವ. ಮೊಮ್ಮಗಳ ಕೂಸಿಗೂ ಹೇಳ್ತೀನಿ.

ಚಂದ್ರವಳ್ಳಿ_ವಾಕರ್
ಇಂಬಳ ಮಳೆಗಾಲದ ಕಾಟ. ಡಿಸೆಂಬರ್‌ಗೆ ದಾರಿ ಒಣಗಿರುತ್ತದೆ, ಹಳ್ಳದ ಪಕ್ಕ ಬಿಟ್ಟರೆ ಅಷ್ಟಾಗಿ ಇರಲ್ಲ. ಹತ್ತಿದರೆ ಕಿತ್ತು ಎಳೆಯಬೇಡಿ, ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಜಾರಿಸಿ.

ಚೀಲದ ಬಗ್ಗೆ. ನಮ್ಮ ಮಗಳನ್ನು 6 ತಿಂಗಳಿಂದ ಎತ್ತಿಕೊಂಡು ಚಂದ್ರವಳ್ಳಿಯಲ್ಲಿ ನಡೆಯುತ್ತಿದ್ದೆ. ಎದೆಗೆ ಕಟ್ಟಿದರೆ ಮಗುವಿನ ಮುಖ ಕಾಣುತ್ತದೆ, ಆದರೆ ನಿಮ್ಮ ಕಾಲು ನಿಮಗೆ ಕಾಣಲ್ಲ. ಮೆಟ್ಟಿಲು, ಕಲ್ಲು ಇದ್ದರೆ ಎಡವುತ್ತೀರಿ. ಚೌಕಟ್ಟಿರುವ ಬೆನ್ನುಚೀಲ ಆಸರೆ ಇಲ್ಲದೆ ಚೆನ್ನಾಗಿ ಕೂರುವ ಮಗುವಿಗೆ ಮಾತ್ರ. ಎರಡರಲ್ಲೂ ಗದ್ದ ಎದೆಗೆ ಒತ್ತಿರಬಾರದು, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು, ಕಾಲು ಸುಮ್ನೆ ಜೋತು ಬೀಳಬಾರದು.

ಹೊಸ ಚೀಲ ತೆಗೆದುಕೊಂಡು ನೇರ ಬೆಟ್ಟಕ್ಕೆ ಹೋಗಬೇಡಿ. ಒಂದು ಭಾನುವಾರ ಬೆಳಗ್ಗೆ ದುರ್ಗಕ್ಕೆ ಬನ್ನಿ, ಚಂದ್ರವಳ್ಳಿ ಕೆರೆಯ ದಾರಿಯಲ್ಲಿ ಅರ್ಧ ಗಂಟೆ ನಡೆದು ನೋಡಿ. ಬಂಡೆ ನೆರಳು, ನೀರು, ಕೋತಿ. ಮಯೂರವರ್ಮನ ಶಾಸನ ಇರುವ ಜಾಗ. ಮಗು ಎಷ್ಟು ಹೊತ್ತು ಸಹಿಸಿಕೊಳ್ಳುತ್ತದೆ, ನಿಮ್ಮ ಬೆನ್ನು ಎಷ್ಟು ಹೊತ್ತು ತಡೆಯುತ್ತದೆ, ಎರಡೂ ಅಲ್ಲೇ ಗೊತ್ತಾಗುತ್ತದೆ. ದಾವಣಗೆರೆ ಬಿಟ್ಟು ಬರೋಕೆ ಆಗದಿದ್ದರೆ ಕೊಂಡಜ್ಜಿ ಕೆರೆ ಏರಿ ಸಾಕು.

ತುಪ್ಪದಕೊಳ
ಕಾಡಿನ ಉಣ್ಣೆ ಹುಳದ ಬಗ್ಗೆಯೂ ಹೇಳಿ. ಅದು ಕಚ್ಚಿ ಬರುವ ಮಂಗನ ಕಾಯಿಲೆ.

ಮಕ್ಕಳವಾರ್ಡ್_ಸಿಸ್ಟರ್
ಹೌದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಬೇಸಿಗೆ ತನಕ ಜಾಸ್ತಿ. ಕಾಡಿನ ಒಣ ತರಗೆಲೆ ಮೇಲೆ ಮಗುವನ್ನು ಕೂರಿಸಬೇಡಿ, ಬೆಡ್‌ಶೀಟ್ ಹಾಸಿದರೂ ಬೇಡ. ಸತ್ತ ಮಂಗ ಕಂಡರೆ ಆ ಕಡೆ ಹೋಗಬೇಡಿ, ಅಲ್ಲಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನಡೆದು ಬಂದ ಕೂಡಲೇ ಎಲ್ಲರ ಬಟ್ಟೆ ಬದಲಿಸಿ, ಮಗುವಿನ ಕಿವಿ ಹಿಂದೆ, ಕಂಕುಳು, ತೊಡೆ ಸಂದು ನೋಡಿ. ಉಣ್ಣೆ ಹತ್ತದಂತೆ ದೊಡ್ಡವರಿಗೆ ಕೊಡುವ ಎಣ್ಣೆಯನ್ನು ಡಾಕ್ಟರನ್ನು ಕೇಳದೆ ಮಗುವಿಗೆ ಹಚ್ಚಬೇಡಿ. ಹೋಗುವ ವಾರ ಆ ಊರಲ್ಲಿ ಜ್ವರದ ಸುದ್ದಿ ಇದೆಯಾ ಅಂತ ಮಾಲೀಕರನ್ನು ಕೇಳಿ. ಇದ್ದರೆ ಮುಂದಕ್ಕೆ ಹಾಕಿ.

ನಿಟ್ಟುವಳ್ಳಿ_ಅವಳಿ
ಊಟದ ಬಗ್ಗೆ ಒಂದು ಮಾತು. ರಾಗಿ ಸರಿ ಹಿಟ್ಟು ಮನೆಯದ್ದೇ ಒಯ್ಯಿರಿ. ಹೊಸ ಜಾಗದಲ್ಲಿ ಹೊಸ ಊಟ ಕೊಡಬೇಡಿ. ಒಂದು ಸಣ್ಣ ಪಾತ್ರೆ, ಮಗುವಿನ ಚಮಚ, ಫ್ಲಾಸ್ಕು, ಓಆರ್‌ಎಸ್ ಎರಡು ಪೊಟ್ಟಣ. ಬುಗ್ಗೆಯ ನೀರು ಎಷ್ಟೇ ತಿಳಿಯಾಗಿರಲಿ ಕುದಿಸಿಯೇ ಕೊಡಿ. ಡೈಪರ್ ಲೆಕ್ಕಕ್ಕಿಂತ ಹತ್ತು ಜಾಸ್ತಿ ಇಟ್ಟುಕೊಳ್ಳಿ, ಬಳಸಿದ್ದನ್ನು ತೋಟದಲ್ಲಿ ಎಸೆಯದೆ ಕಟ್ಟಿ ವಾಪಸ್ ತನ್ನಿ. ದಾರಿಯಲ್ಲಿ ಬದಲಿಸೋದಕ್ಕೆ ಸಂತೇಬೆನ್ನೂರು ಪುಷ್ಕರಿಣಿ ಹತ್ತಿರ ನಿಲ್ಲಿಸಿ, ನೆರಳಿದೆ, ಅವ್ವನಿಗೂ ಕಾಲು ಚಾಚೋಕೆ ಆಗುತ್ತದೆ.

ಗಿರ್ಮಿಟ್
ನಿಲ್ಲಿಸಿದ್ದೇ ಆದರೆ ಬೆಳಗ್ಗೆ ದಾವಣಗೆರೆಯಲ್ಲೇ ಬೆಣ್ಣೆದೋಸೆ ತಿಂದು ಹೊರಡಿ. ಲಿಂಗದಹಳ್ಳಿ ತನಕ ಹೊಟ್ಟೆ ಕೇಳಲ್ಲ.

ಹಳೇಪೇಟೆ_ಅಪ್ಪ
ಹೋಗಿ ಬಂದೆವು. ನಿನ್ನೆ ಸಂಜೆ ಮನೆ ಸೇರಿದ್ದು. ನೀವೆಲ್ಲ ಇಷ್ಟು ಹೊತ್ತು ಕೊಟ್ಟು ಬರೆದಿದ್ದೀರಿ, ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಮೂರನೇ ಮನೆಯನ್ನೇ ಹಿಡಿದೆವು. ಅದಕ್ಕೂ ಮೊದಲು ಒಂದು ಭಾನುವಾರ ಚಂದ್ರವಳ್ಳಿಗೆ ಹೋಗಿ ನಡೆದು ನೋಡಿದ್ದೆ. ಮಗಳು 25 ನಿಮಿಷಕ್ಕೆ ಅಳಲು ಶುರು ಮಾಡಿದಳು. ಹಾಗಾಗಿ ಬೆಟ್ಟದಲ್ಲೂ 10 ನಿಮಿಷ ಮುಂದೆ, 10 ನಿಮಿಷ ಹಿಂದೆ ಅಂತ ಲೆಕ್ಕ ಇಟ್ಟುಕೊಂಡೆ. ಅದೇ ಉಪಯೋಗಕ್ಕೆ ಬಂತು.

ಮನೆ ಸಾದಾ. ಕೆಂಪು ನೆಲ, ಮರದ ತೊಲೆ, ಅಜ್ಜಿ ಹೇಳಿದ ಹಾಗೆ ಜೋಲಿ ಕಟ್ಟಿದೆವು, ನೆಲದಿಂದ ಒಂದು ಮೊಳ ಮೇಲೆ. ಹಗಲು ಎರಡು ತಾಸು ಮಲಗಿದಳು. ಅವ್ವ ಪಕ್ಕದಲ್ಲಿ ಕೂತು ತೂಗುತ್ತಾ ಮಾಲೀಕರ ತಾಯಿಯ ಜೊತೆ ಮಾತಾಡುತ್ತಿದ್ದರು, ಇಬ್ಬರಿಗೂ ತವರು ಜಗಳೂರು ಕಡೆ ಅಂತ ಆಮೇಲೆ ಗೊತ್ತಾಯಿತು. ಜೇನಿನ ಮಾತು ಮೊದಲೇ ಹೇಳಿದ್ದೆ. ಆ ಅಮ್ಮ ಒಂದು ಬಾಟಲಿ ಕಟ್ಟಿ ಕೊಟ್ಟು "ವರ್ಷ ತುಂಬಿದ ದಿನ ಕೊಡಿ" ಅಂದರು.

ಒಂದು ಕೊರತೆ ಇತ್ತು. ಜಗಲಿಯ ಕಂಬಿ ಹಳೇದು, ಸಂದು ಅಗಲ. ಅವಳಿ ಅಕ್ಕನ ಮಾತು ನೆನಪಾಗಿ ಅವ್ವನ ಹತ್ತಿ ಸೀರೆಯನ್ನು ಈ ತುದಿಯಿಂದ ಆ ತುದಿಗೆ ಹೆಣೆದು ಕಟ್ಟಿದೆವು. ಮಾಲೀಕರು ಬಂದು ನೋಡಿ ಏನೂ ಮಾತಾಡದೆ ಹೋದರು, ಮರುದಿನ ಬೆಳಗ್ಗೆ ಕೆಳಗಡೆ ಬಿದಿರಿನ ದಬ್ಬೆ ಬಡಿಸಿದ್ದರು.

ಎರಡನೇ ದಿನ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಮಂಜು ದಟ್ಟ ಇತ್ತು, ಗಾಳಿ ಜೋರು. ಮುಕ್ಕಾಲು ಗಂಟೆ ತೋಟದೊಳಗೆ ಓಡಾಡಿ ಇಳಿದುಬಿಟ್ಟೆವು. ಇಳಿಯುವಾಗ ಎರಡು ಸಲ ನಿಲ್ಲಿಸಿ ಹಾಲು ಕುಡಿಸಿದಳು, ಮಗು ಅಳಲಿಲ್ಲ. ಸಿಸ್ಟರ್‌ಗೆ ದೊಡ್ಡ ನಮಸ್ಕಾರ.

ಮೂರನೇ ದಿನ ಬೆಳಗ್ಗೆ 8ಕ್ಕೆ ಮಂಜು ಏಳುತ್ತಿತ್ತು. ತೋಟದ ದಾರಿಯಲ್ಲಿ ಮಗಳನ್ನು ಬೆನ್ನಿಗೆ ಹಾಕಿಕೊಂಡು ಹೊರಟೆ. ಹಿಂದಿನಿಂದ ಕೈ ಚಾಚಿ ಒಂದು ಕೆಂಪು ಕಾಫಿ ಹಣ್ಣಿನ ಗೊಂಚಲು ಹಿಡಿದಳು, ಬಿಡಲೇ ಇಲ್ಲ. ಮನೆಯವಳು ಒಂದೊಂದೇ ಬೆರಳು ಬಿಡಿಸಿ, ಬಾಯಿಗೆ ಹಾಕಿಲ್ಲ ತಾನೇ ಅಂತ ನೋಡಿ, ಆಮೇಲೆ ಅಲ್ಲೇ ದಾರಿಯ ಬದಿಯ ಕಲ್ಲಿನ ಮೇಲೆ ಕೂತಳು. ಹತ್ತು ನಿಮಿಷ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ನಿಟ್ಟುವಳ್ಳಿ_ಅವಳಿ
ಓದಿ ಕಣ್ಣು ತುಂಬಿತು. ಅವಳಿಗೆ ನನ್ನ ಕಡೆಯಿಂದ ಕೇಳಿದೆ ಅಂತ ಹೇಳಿ.

ಎಸ್ಟೇಟ್_ರೈಟರ್
ದಬ್ಬೆ ಬಡಿಸಿದರಲ್ಲ, ಒಳ್ಳೆಯ ಜನ. ಕಾಫಿ ಹಣ್ಣು ಹಿಡಿದ ಕೈ ತೊಳೆದಿರಿ ಅಲ್ವಾ?

ಹಳೇಪೇಟೆ_ಅಪ್ಪ
ತೊಳೆದೆವು ಸರ್, ಅಂಟು ಹೋಗೋಕೆ ಬಿಸಿನೀರೇ ಬೇಕಾಯಿತು.

ಗಿರ್ಮಿಟ್
ನಮ್ಮ ತಂಗಿಯ ಮಗನಿಗೆ 7 ತಿಂಗಳು, ಫೆಬ್ರವರಿಯಲ್ಲಿ ಅವರೂ ಹೋಗಬೇಕು ಅಂತಿದ್ದಾರೆ. ಆ ಮನೆಯವರ ನಂಬರ್ ಮೆಸೇಜ್ ಮಾಡ್ತೀರಾ ಅಣ್ಣಾ? ಮತ್ತೆ ಆ ತೊಲೆ ಎಷ್ಟು ದಪ್ಪ ಇತ್ತು, ಜೋಲಿಗೆ ಹಗ್ಗ ಯಾವುದು ಕಟ್ಟಿದಿರಿ?

ಹಳೇಪೇಟೆ_ಅಪ್ಪ
ಮೆಸೇಜ್ ಮಾಡಿದ್ದೇನೆ. ತೊಲೆ ನನ್ನ ತೊಡೆಯಷ್ಟು ದಪ್ಪ. ಹಗ್ಗ ಮನೆಯಿಂದಲೇ ಒಯ್ದಿದ್ದೆವು, ಹತ್ತಿಯದು, ಅವ್ವ ಮೊದಲು ತಾವೇ ಜೋತುಬಿದ್ದು ಎಳೆದು ನೋಡಿದರು.